ಹದಿನಾಲ್ಕು ಮೀಟರಿನ ಲೈನು

ಮೂಡಿಗೆರೆಯ ನಮ್ಮ ಡಿಪ್ಲೊಮಾ ಕಾಲೇಜಿನಲ್ಲಿ ತನುಜಾ ಎಲೆಕ್ಟ್ರಿಕಲ್ ಲ್ಯಾಬ್ ನೋಡಿಕೊಳ್ಳುತ್ತಾರೆ. ನಾನು ಪಕ್ಕದ ಕೋಣೆಯಲ್ಲಿ ಗಣಿತ ಹೇಳುವವನು. ಕೊಟ್ಟಿಗೆಹಾರದಲ್ಲಿ ಅವರ ತಂದೆ ಸಿದ್ದಬಸಪ್ಪನವರದು ಪಂಪ್‌ಸೆಟ್ ಬಿಡಿಭಾಗಗಳ ಅಂಗಡಿ. ಸುಟ್ಟ ಮೋಟರು ಬಿಚ್ಚಿ ತಂತಿ ಸುತ್ತುವುದನ್ನು ಮಗಳು ಅಲ್ಲೇ ಕಲಿತದ್ದು.

ವಿದ್ಯುತ್ ಜಾಲವನ್ನು ಕಂಪ್ಯೂಟರಿನಲ್ಲೇ ಕಟ್ಟಿ ಪರೀಕ್ಷಿಸುವ ಉಚಿತ ತಂತ್ರಾಂಶವೊಂದಿದೆ. ಕಳೆದ ಫೆಬ್ರವರಿಯಲ್ಲಿ ತನುಜಾ ಅದನ್ನು ವಿದ್ಯಾರ್ಥಿಗಳ ಮುಂದಿಟ್ಟು, ದೇವರಮನೆ ಕಡೆಗೆ ಹೋಗುವ ಹದಿನಾಲ್ಕು ಕಿಲೋಮೀಟರ್ ಲೈನಿನ ಕೊನೆಯ ಮನೆಗೆ ಎಷ್ಟು ವೋಲ್ಟೇಜ್ ತಲುಪುತ್ತದೆ ಹೇಳಿ ಎಂದರು. ಎಲ್ಲರಿಗೂ ಇನ್ನೂರ ಇಪ್ಪತ್ತೊಂಬತ್ತು ಬಂತು.

ಮೇಘಶ್ರೀ ಎಂಬ ವಿದ್ಯಾರ್ಥಿನಿ ಎದ್ದು ನಿಂತಳು. “ಮೇಡಂ, ಆ ಕೊನೇ ಮನೆ ನಮ್ದೇ. ಕಾಫಿ ಪಲ್ಪರ್ ಹಾಕಿದ್ರೆ ಟಿ.ವಿ.ನೇ ಆರಿಹೋಗುತ್ತೆ. ಇಷ್ಟೆಲ್ಲಿ ಬರುತ್ತೆ?”

ತನುಜಾ ವಾದಿಸಲಿಲ್ಲ. ಮರುದಿನವೇ ವೋಲ್ಟ್‌ಮೀಟರ್ ಹಿಡಿದು ಅವಳ ಮನೆಗೆ ಹೋದರು. ಕಾಫಿ ಹಣ್ಣಿನ ಸಿಪ್ಪೆ ಬಿಡಿಸುವ ಆ ಪಲ್ಪರ್ ತಿರುಗುತ್ತಿದ್ದಾಗ ಅಳೆದರೆ ನೂರ ತೊಂಬತ್ತನಾಲ್ಕು.

ವಾರವಿಡೀ ಹುಡುಕಿದ ಮೇಲೆ ಕಾರಣ ಸಿಕ್ಕಿತು. ಲೈನಿನ ಉದ್ದವನ್ನು ಕಿಲೋಮೀಟರಿನಲ್ಲಿ ಕೊಡಿ ಎನ್ನುತ್ತಿತ್ತು ಕೈಪಿಡಿ. ಮೂರು ವರ್ಷದ ಹಿಂದೆ ಹೊಸದಾಗಿ ಬರೆದ ತಂತ್ರಾಂಶವೋ ಅದನ್ನು ಮೀಟರಿನಲ್ಲಿ ಓದುತ್ತಿತ್ತು. ಕೈಪಿಡಿಯನ್ನು ಯಾರೂ ತಿದ್ದಿರಲಿಲ್ಲ. ಮಕ್ಕಳು ಕಟ್ಟಿದ್ದು ಹದಿನಾಲ್ಕು ಮೀಟರಿನ ಲೈನು!

ತಂತ್ರಾಂಶ ನೋಡಿಕೊಳ್ಳುವ ಸ್ವಯಂಸೇವಕರಿಗೆ ತನುಜಾ ಬರೆದರು. ಕೈಪಿಡಿ ಹಳೆಯದಾಗಿದೆ, ನಮಗೆ ಪುರುಸೊತ್ತಿಲ್ಲ, ಸಾಧ್ಯವಾದರೆ ನೀವೇ ತಿದ್ದಿ ಕಳಿಸಿ ಎಂದು ಉತ್ತರ ಬಂತು.

“ಒಂದು ಸಾಲು ತಿದ್ದಿದ್ರೆ ಮುಗೀತಲ್ಲ?” ಎಂದೆ.

“ಒಂದು ಸಾಲು ಹಿಂಗಿದ್ರೆ ಉಳಿದದ್ದನ್ನ ಹ್ಯಾಗೆ ನಂಬೋದು ಮಾರಾಯ್ರೆ?”

ಅಂದಿನಿಂದ ಊಟದ ಬಿಡುವಿನಲ್ಲಿ ಕೈಪಿಡಿಯ ಅರವತ್ತೆರಡು ಉದಾಹರಣೆಗಳನ್ನೂ ಒಂದೊಂದಾಗಿ ಮಾಡಿ ನೋಡಿದರು. ಹತ್ತೊಂಬತ್ತು ತಪ್ಪಿದ್ದವು. ಎಲ್ಲ ತಿದ್ದಿ ಕಳಿಸಿದರೆ, ವಾಪಸು ಬಂತು. ಹಳೇ ಆವೃತ್ತಿಯನ್ನೇ ಬಳಸುವವರು ಇನ್ನೂ ಬಹಳ ಮಂದಿ ಇದ್ದಾರೆ, ಅವರಿಗೆ ಕಿಲೋಮೀಟರೇ ಸರಿ. ನಿಮ್ಮ ತಿದ್ದುಪಡಿ ಅವರ ದಾರಿ ತಪ್ಪಿಸುತ್ತದೆ ಎಂದಿದ್ದರು.

ತನುಜಾರ ಮುಖ ಸಣ್ಣದಾಯಿತು. ಎರಡು ದಿನ ಆ ಕಡತವನ್ನೇ ತೆರೆಯಲಿಲ್ಲ. ಅಲ್ಲಿಗೆ ಮುಗಿಯಿತೆಂದುಕೊಂಡೆ. ಮೂರನೇ ದಿನ ಬಂದವರೇ ಕುರ್ಚಿ ಎಳೆದುಕೊಂಡರು.

“ಅವ್ರು ಹೇಳಿದ್ದು ಸರಿ. ನನ್ನ ಹತ್ರ ಇರೋದನ್ನೇ ಎಲ್ರೂ ಬಳಸ್ತಾರೆ ಅಂದ್ಕೊಂಡಿದ್ದೆ.”

ಹಳೇ ಆವೃತ್ತಿಯನ್ನೂ ಹಾಕಿಕೊಂಡು ಅರವತ್ತೆರಡನ್ನೂ ಮತ್ತೆ ಮಾಡಿದರು. ಯಾವ ಆವೃತ್ತಿಗೆ ಯಾವ ಅಳತೆ ಎಂದು ಪ್ರತಿ ಪುಟದಲ್ಲೂ ಬರೆದರು. ಗಣಿತ ಕಲಿಸುವ ನನಗೇ ಅಷ್ಟು ತಾಳ್ಮೆ ಇಲ್ಲ.

ಜುಲೈನಲ್ಲಿ ಹೊಸ ಕೈಪಿಡಿ ಪ್ರಕಟವಾಯಿತು. ಅದನ್ನು ನೋಡಿಕೊಂಡು ಮಕ್ಕಳು ಮತ್ತೆ ಲೆಕ್ಕ ಹಾಕಿದಾಗ ನೂರ ತೊಂಬತ್ತೆರಡು ಬಂತು. ಮೇಘಶ್ರೀ ಚಪ್ಪಾಳೆ ತಟ್ಟಿದಳು.

ಆಮೇಲೆ ಸ್ವಯಂಸೇವಕರು ಕೈಪಿಡಿಯ ಪೂರ್ತಿ ಹೊಣೆಯನ್ನು ತನುಜಾರಿಗೇ ವಹಿಸಲು ಮುಂದಾದರು. ಇವರು ಒಪ್ಪಿ, ಒಂದು ಷರತ್ತು ಬರೆದರು: ಡಿಸೆಂಬರ್, ಜನವರಿಯಲ್ಲಿ ಕಾಫಿ ಕುಯ್ಲು, ನಮ್ಮ ಎರಡೆಕರೆ ತೋಟಕ್ಕೆ ನಾನು ಮತ್ತು ಅತ್ತೆ ವಿಶಾಲಾಕ್ಷಮ್ಮ ಇಬ್ಬರೇ, ಆಗ ಏನೂ ಕೇಳಬೇಡಿ. ಅವರೂ ಒಪ್ಪಿಕೊಂಡರು.