ಛಡಿ ಸಿಗಲಿಲ್ಲ್ರಿ, ಸರ್

"ಚೌಗಲಾ ಸರ್ ಹೊಡೆದದ್ದಕ್ಕೇ ನಾವು ಮನುಷ್ಯರಾದೆವು" ಎಂದು ನಮ್ಮ ಹೈಸ್ಕೂಲಿನ ವಾಟ್ಸಾಪ್ ಗುಂಪಿನಲ್ಲಿ ತಿಂಗಳಿಗೆ ಎರಡು ಸಲವಾದರೂ ಯಾರಾದರೊಬ್ಬರು ಬರೆಯುತ್ತಾರೆ. ಉಳಿದವರು ಅದರ ಕೆಳಗೆ ಕೈ ಮುಗಿದ ಚಿತ್ರ ಹಾಕುತ್ತಾರೆ. ನಾನೊಬ್ಬಳು ಹಾಕುವುದಿಲ್ಲ. ಗೌರವ ಇಲ್ಲವೆಂದಲ್ಲ. ಆ ಒಂದು ವಾಕ್ಯದಲ್ಲಿ ಎರಡು ಹೇಳಿಕೆಗಳಿವೆ, ಎರಡಕ್ಕೂ ಸಾಕ್ಷಿ ಇಲ್ಲ. ಒಂದು, ಸರ್ ಹೊಡೆದರು ಎಂಬುದು. ಇನ್ನೊಂದು, ನಾವು ಮನುಷ್ಯರಾದೆವು ಎಂಬುದು. ಎರಡನೆಯದನ್ನು ಸದ್ಯಕ್ಕೆ ಬಿಡೋಣ. ಆ ಗುಂಪಿಗೆ ಬರುವ ಉಳಿದ ಸಂದೇಶಗಳನ್ನು ಓದಿದರೆ ನೀವೇ ತೀರ್ಪು ಕೊಟ್ಟುಕೊಳ್ಳಬಹುದು.

ನಾನು ಚಿಕ್ಕೋಡಿಯಲ್ಲಿ ಒಬ್ಬ ಹಿರಿಯ ವಕೀಲರ ಕೈಕೆಳಗೆ ಕೆಲಸ ಮಾಡುತ್ತೇನೆ. ಅಂದರೆ ಅವರ ಫೈಲು ಹೊರುತ್ತೇನೆ, ತಾರೀಖು ಬರೆದುಕೊಂಡು ಬರುತ್ತೇನೆ. ಈ ಕಸುಬಿಗೆ ಬೀಳುವ ಮೊದಲೇ ವಾದದ ಚಟ ಹತ್ತಿತ್ತು. ರಾಯಬಾಗ ತಾಲೂಕಿನ ನಮ್ಮ ಪುಟ್ಟ ಊರಿನ ಹೈಸ್ಕೂಲಿನಲ್ಲಿ ಚರ್ಚಾಸ್ಪರ್ಧೆ ಎಂದರೆ 'ವಿರೋಧ' ನನ್ನ ಪಾಲಿಗೇ ಬರುತ್ತಿತ್ತು. ವಿಷಯ ಯಾವುದಿದ್ದರೂ ಸರಿ. "ಇಕಿಗೆ ಉಣ್ಣ ಬಾ ಅಂದ್ರ, ಉಣ್ಣೂದರ ವಿರೋಧ ಐದು ನಿಮಿಷ ಮಾತಾಡಿ ಆಮ್ಯಾಲ ಉಣ್ಣಾಕ ಕುಂಡ್ರತಾಳ" ಎಂದು ಅವ್ವ ಬಂದವರ ಮುಂದೆಲ್ಲ ಹೇಳುತ್ತಿದ್ದಳು.

ಚರ್ಚೆ ಕಲಿಸಿದವರು ಕನ್ನಡದ ಶಿಂಧೆ ಅಕ್ಕೋರು. ನಿಪ್ಪಾಣಿಯವರು, ಮನೆಮಾತು ಮರಾಠಿ. ಅವರ ಕನ್ನಡ ನಮ್ಮೆಲ್ಲರ ಕನ್ನಡಕ್ಕಿಂತ ಸ್ವಚ್ಛ. ಆದರೆ ಹಲಗೆಯ ಮೇಲೆ ಕಂದಪದ್ಯ ಬರೆದು ಲಘು ಗುರು ಹಾಕಿ ಮಾತ್ರೆ ಎಣಿಸುವಾಗ ಮಾತ್ರ ತುಟಿ ತಾನಾಗಿಯೇ "ಏಕ್, ದೋನ್, ತೀನ್, ಚಾರ್" ಎನ್ನುತ್ತಿತ್ತು. ಹತ್ತನೇ ತರಗತಿ ಮುಗಿಯುವವರೆಗೂ ನಮ್ಮಲ್ಲಿ ಅರ್ಧ ಜನ ಛಂದಸ್ಸನ್ನು ಮರಾಠಿಯಲ್ಲೇ ಎಣಿಸಬೇಕೆಂದು ತಿಳಿದಿದ್ದರು. ನಾನೂ ತಿಳಿದಿದ್ದೆ. ಈಗಲೂ ನನಗೆ ಮಾತ್ರೆ ಹಾಗೆಯೇ ಸರಿಯಾಗಿ ಬೀಳುತ್ತದೆ. ಅಕ್ಕೋರು ಹೇಳಿಕೊಟ್ಟ ಸೂತ್ರ ಒಂದೇ: ಎದುರಿನವರ ವಾದವನ್ನು ಮೊದಲು ಅವರಿಗಿಂತ ಚೆಂದವಾಗಿ ಹೇಳು, ಆಮೇಲೆ ಕಡಿ.

ಹಾಗಾದರೆ ಎದುರಿನವರ ವಾದ ಹೇಳುತ್ತೇನೆ. ಗಣಿತದ ಚೌಗಲಾ ಸರ್ ಆರಡಿ ಎತ್ತರ. ಅವರ ಮೀಸೆ ಬಾಗಿಲು ದಾಟಿ ಬಂದ ಮೇಲೆ ಅವರು ಬರುತ್ತಿದ್ದರು. ಒಳಗೆ ಬಂದರೆಂದರೆ ಕಿಟಕಿಯ ಮೇಲಿನ ಪಾರಿವಾಳವೂ ಗಂಟಲು ಕಟ್ಟಿಕೊಂಡು ಕೂರುತ್ತಿತ್ತು. ಕಬ್ಬಿನ ಹಂಗಾಮಿನಲ್ಲಿ ನಮ್ಮ ಶಾಲೆಯ ಮುಂದಿನ ರಸ್ತೆಯಲ್ಲಿ ಟ್ರ್ಯಾಕ್ಟರುಗಳು ಎರಡೆರಡು ಟ್ರೇಲರು ಎಳೆದುಕೊಂಡು, ಹಾಡು ಹಚ್ಚಿಕೊಂಡು ಕಾರ್ಖಾನೆಗೆ ಹೋಗುತ್ತವೆ. ಹಾಡು ಎಂದರೆ ಎದೆಯೊಳಗೆ ಗುದ್ದುವಂಥದು. ಸರ್ "ಲಂಬಕೋನ ತ್ರಿಭುಜದ ವಿಕ" ಎನ್ನುವಷ್ಟರಲ್ಲಿ ಟ್ರ್ಯಾಕ್ಟರ್ ಬಂತೆನ್ನಿ. ಕೈಯ ಖಡು, ಅಂದರೆ ಸೀಮೆಸುಣ್ಣ, ಹಲಗೆಯ ಮೇಲೆ ಹಾಗೆಯೇ ನಿಲ್ಲುತ್ತಿತ್ತು. ಟ್ರ್ಯಾಕ್ಟರ್ ಹೋಗಿ, ಟ್ರೇಲರುಗಳು ಹೋಗಿ, ಹಾಡು ಪಾಲಬಾವಿಯ ಕಡೆ ಕರಗಿದ ಮೇಲೆ "ರ್ಣದ ಮೇಲಿನ ವರ್ಗವು" ಎಂದು ಮುಂದುವರಿಸುತ್ತಿದ್ದರು. ಆ ನಡುವೆ ಐವತ್ತು ಮಕ್ಕಳು ಉಸಿರು ಬಿಡುತ್ತಿರಲಿಲ್ಲ. ಇಂಥ ಮನುಷ್ಯ ಹೊಡೆಯದೆ ಇಂಥ ಶಿಸ್ತು ಬರುವುದುಂಟೇ? ಇದು ಅವರ ವಾದ. ಚೆಂದವಾಗಿಯೇ ಇದೆ.

ಈಗ ಕಡಿಯುವುದು. ಹತ್ತು ವರ್ಷದ ಮೇಲೆ ನಮ್ಮ ಬ್ಯಾಚಿನವರು ಗುರುವಂದನೆ ಇಟ್ಟುಕೊಂಡರು. ಮುಂದಾಳು ಅಪ್ಪಾಸಾಬ. ಪಶು ಆಹಾರದ ಅಂಗಡಿ ಇಟ್ಟಿದ್ದಾನೆ. ಮಾತನ್ನೂ ಹಿಂಡಿಯ ಚೀಲ ಇಳಿಸಿದಂತೆ ಇಳಿಸುತ್ತಾನೆ. "ವಕೀಲಬಾಯಿ, ಚೌಗಲಾ ಸರ್ ಬಗ್ಗೆ ನೀ ಮಾತಾಡಾಕಿ" ಎಂದ. ಮಾತಾಡುವ ಮೊದಲು ವಿಚಾರಣೆ ಮಾಡಬೇಕಲ್ಲ. ಅವನನ್ನೇ ಕೇಳಿದೆ, "ನಿನಗ ಎಷ್ಟ ಸಲ ಹೊಡದಾರೋ?"

"ನನಗಿಲ್ಲ ಬಿಡ. ಸಿದ್ದ್ಯಾಗ ಬಾಳ ಬಿದ್ದಾವು."

ಸಿದ್ದಪ್ಪನಿಗೆ ಫೋನ್ ಮಾಡಿದೆ. "ನನಗೆಲ್ಲಿ ಬೇ? ಸುನೀತಾನ ಕೇಳು, ಆಕಿ ಕೈ ಬಾತಿತ್ತು." ಸುನೀತಾ ನಕ್ಕಳು. "ನಾ ಬಿದ್ದು ಕೈ ಉಳಿಕಿಸ್ಕೊಂಡಿದ್ದೆ. ಹೊಡತ ಅಂದ್ರ ಅಪ್ಪಾಸಾಬಂದು. ದಿನಾ ತಿಂತಿದ್ದ." ಹೀಗೆ ಹೊಡೆತ ಊರೆಲ್ಲ ಸುತ್ತಿ, ಯಾರ ಬೆನ್ನ ಮೇಲೂ ಬೀಳದೆ, ಹೊರಟಲ್ಲಿಗೇ ಬಂದು ನಿಂತಿತು.

ನಮ್ಮ ಹಳೆಯ ತರ್ಕಶಾಸ್ತ್ರದಲ್ಲಿ ಒಂದು ಗಡಿಗೆಯ ಮಾತು ಬರುತ್ತದೆ. ಗಡಿಗೆಗೆ ಕಾರಣ ಯಾವುದು? ಮಣ್ಣು, ಕುಂಬಾರ, ತಿಗರಿ, ತಿಗರಿ ತಿರುಗಿಸುವ ಕೋಲು. ಮಣ್ಣು ಹೊತ್ತು ತಂದ ಕತ್ತೆ? ಅದು ಕಾರಣವಲ್ಲ, ಅಲ್ಲಿ ಸುಮ್ಮನೆ ಇತ್ತು ಅಷ್ಟೆ. ಆ ಪಂಡಿತರು ಕೋಲನ್ನು ಒಳಗಿಟ್ಟು ಕತ್ತೆಯನ್ನು ಹೊರಗೆ ಹಾಕಿದರು. ನಮ್ಮ ಶಾಲೆಯ ಮಟ್ಟಿಗೆ ನೋಡಿದರೆ ಕೋಲಿಗೆ ಕತ್ತೆಯಷ್ಟು ಹಕ್ಕೂ ಇಲ್ಲ. ಕತ್ತೆ ಹಾಜರಾದರೂ ಇತ್ತು.

ಕೋಲು, ನಮ್ಮ ಕಡೆಯ ಮಾತಿನಲ್ಲಿ ಛಡಿ, ಹಾಜರಿರಲಿಲ್ಲ ಎಂಬುದನ್ನು ನಾನು ಅನುಭವದಿಂದಲೇ ಹೇಳಬಲ್ಲೆ. ಸರ್‌ಗೆ ಸಿಟ್ಟು ಬಂದರೆ ತಪ್ಪು ಮಾಡಿದವರನ್ನೇ ಎಬ್ಬಿಸಿ "ಹೋಗು, ದುಂಡಪ್ಪನ ಕಡಿಂದ ಛಡಿ ತಗೊಂಬಾ" ಎನ್ನುವುದು ಪದ್ಧತಿ. ದುಂಡಪ್ಪ ಕಾಕಾ ಶಾಲೆಯ ಸಿಪಾಯಿ. ಮೈದಾನದ ಆ ತುದಿಯಲ್ಲಿ ಗಂಟೆ ಕಟ್ಟಿದ ಜಾಗದಲ್ಲಿ ಅವನ ಸ್ಟೂಲು. ಒಂದು ಸಲ ನಾನೂ ಹೋದೆ. ಪುಸ್ತಕದ ಲೆಕ್ಕ ತಪ್ಪಾಗಿದೆ ಎಂದು ವಾದಿಸಿದ್ದು ನನ್ನ ಅಪರಾಧ. ಕಾಕಾ ಅವಸರ ಮಾಡಲಿಲ್ಲ.

"ಛಡಿ ಬೇಕೇನ? ಕುಂಡ್ರು. ಏನ್ ಮಾಡಿದಿ, ಮೊದಲಿಂದ ಹೇಳು."

ನಾನು ಮೊದಲಿನಿಂದ ಹೇಳಿದೆ. ನನ್ನ ಜೀವನದಲ್ಲಿ ಯಾರಾದರೂ ನಡುವೆ ಬಾಯಿ ಹಾಕದೆ ನನ್ನ ವಾದವನ್ನು ಪೂರ್ತಿ ಕೇಳಿದ್ದು ಅದೊಂದೇ ಸಲ. ಚಿಕ್ಕೋಡಿಯಲ್ಲಿ ಇನ್ನೂ ಆ ಭಾಗ್ಯ ಬಂದಿಲ್ಲ. ಕೇಳಿ ಮುಗಿಸಿ ಕಾಕಾ ತೀರ್ಪು ಕೊಟ್ಟ: "ನಿಂದೂ ಖರೇ ಐತಿ, ಸರ್‌ದೂ ಖರೇ ಐತಿ. ಆ ಬೇವಿನ ಗಿಡಕ್ಕ ಎರಡ ಬಕೀಟ ನೀರ ಹಾಕಿ ಬಾ, ಅಷ್ಟರಾಗ ನಾ ಛಡಿ ಹುಡಕ್ತೀನಿ." ಗಿಡ ನನ್ನ ಎದೆಯೆತ್ತರ ಇತ್ತು. ಆಡು ತಿನ್ನದಂತೆ ಸುತ್ತ ಮುಳ್ಳು, ಬಾಗದಂತೆ ಒಂದು ಕೋಲಿನ ಆಸರೆ. ಬೋರಿನಿಂದ ಎರಡು ಬಕೀಟು ಹೊತ್ತು ಹಾಕುವಷ್ಟರಲ್ಲಿ ಕಾಕಾ ಎದ್ದು ಗಂಟೆ ಬಾರಿಸಿಯೇಬಿಟ್ಟ. ನಾನು ಒದ್ದೆ ಲಂಗದಲ್ಲಿ ಓಡಿ ಬಂದು, ಎಲ್ಲರೂ ಹೇಳುತ್ತಿದ್ದದ್ದನ್ನೇ ಹೇಳಿದೆ: "ಛಡಿ ಸಿಗಲಿಲ್ಲ್ರಿ, ಸರ್." ಸರ್ ಮೀಸೆಯೊಳಗೇ "ಸಿಗಲಿಲ್ಲಾ? ನಾಳೆ ನೋಡ್ತೀನಿ" ಎಂದು ಖಡುವಿನ ಡಬ್ಬಿ ತೆಗೆದುಕೊಂಡು ಹೋದರು. ನನಗೆ ಸಿಕ್ಕ ಮೊದಲ ತಾರೀಖು ಅದು. ಆ ನಾಳೆ ಇನ್ನೂ ಬಂದಿಲ್ಲ.

ಇಷ್ಟು ಪುರಾವೆ ಕೈಯಲ್ಲಿಟ್ಟುಕೊಂಡು ನಾನು ಭಾಷಣದ ತಯಾರಿಯಲ್ಲಿದ್ದಾಗ ಅಪ್ಪಾಸಾಬ ಗುಂಪಿನಲ್ಲಿ ಒಂದು ಫೋಟೋ ಹಾಕಿದ. ಸರ್‌ಗೆ ಕೊಡುವ ಕಾಣಿಕೆ. ಹೊಳೆಯುವ ಬೆತ್ತ, ತುದಿಗೆ ಬೆಳ್ಳಿಯ ಕಟ್ಟು, ಅದರ ಮೇಲೆ ಕೊರೆದ ಅಕ್ಷರ: 'ಈ ಛಡಿಯಿಂದ ನಾವು ಮನುಷ್ಯರಾದೆವು.' ಕೆಳಗೆ ನಲವತ್ತು ಕೈ ಮುಗಿದ ಚಿತ್ರಗಳು.

ನನಗೆ ಒಳಗೊಳಗೇ ಖುಷಿಯಾಯಿತು ಎಂದು ಒಪ್ಪಿಕೊಳ್ಳಬೇಕು. ವೇದಿಕೆಯ ಮೇಲೆ ಅವರು ಬೆತ್ತ ಕೊಡುವುದು, ನಾನು ಎದ್ದು ಅದನ್ನು ಮುರಿದಂತೆ ವಾದ ಮಾಡುವುದು, ಚಪ್ಪಾಳೆ. ಒಂದು ಕೊಂಡಿ ಮಾತ್ರ ಉಳಿದಿತ್ತು: ಅಸಲು ಛಡಿ ಎಲ್ಲಿತ್ತು? ಆ ಭಾನುವಾರ ದುಂಡಪ್ಪ ಕಾಕಾನ ಹತ್ತಿರ ಹೋದೆ. ಅವನ ನಿವೃತ್ತಿಗೆ ಇನ್ನೊಂದು ವರ್ಷವಿದೆ. ರಜೆಯ ದಿನವೂ ಶಾಲೆಯಲ್ಲೇ ಇರುತ್ತಾನೆ. ನನ್ನ ಪ್ರಶ್ನೆ ಕೇಳಿ ಅಡಿಕೆ ಉಗುಳಿ ಬಂದು ಸ್ಟೂಲಿನ ಮೇಲೆ ಕೂತ.

"ನೀವು ಬರೂಕಿಂತ ಎರಡ ವರ್ಷ ಮೊದಲ ಒಂದ ಹುಡುಗಿ ಇತ್ತು, ತಂಗಿ. ಅಲಖನೂರ ಕಡಿಂದ ನಡಕೋತ ಬರ್ತಿತ್ತು. ಮುಂಜಾನೆ ಆಡ ಮೇಸಿ ಬರಬೇಕು, ದಿನಾ ತಡಾ. ಒಂದಿನ ಸರ್ ಸಿಟ್ಟಿನ್ಯಾಗ ಕೈಮ್ಯಾಲ ಎರಡ ಕೊಟ್ಟರು. ಅಳಲಿಲ್ಲ ಅದು. ಮರುದಿನ ಬರಲಿಲ್ಲ."

"ಆಮ್ಯಾಲ?"

"ಸರ್ ಸೈಕಲ್ ಹೊಡಕೊಂಡ ಮೂರ ಸಲ ಹೋಗಿ ಬಂದ್ರು. ಹುಡುಗಿ ಒಲ್ಲೆ ಅಂತು. ಮೂರನೇ ಸಲ ಹೋಗೂದ್ರಾಗ ಅಥಣಿಗೆ ಸೋದರತ್ತಿ ಮನಿಗೆ ಕಳಿಸಿಬಿಟ್ಟಿದ್ರು. ಸರ್ ತಿರುಗಿ ಬಂದು ಛಡಿ ನನ್ನ ಕೈಯಾಗ ಕೊಟ್ಟು, 'ದುಂಡಪ್ಪಾ, ಇನ್ನಮ್ಯಾಲ ನಾ ಬೇಡಿದ್ರೂ ಇದನ್ನ ಕೊಡಬ್ಯಾಡ' ಅಂದ್ರು. ಸಿಟ್ಟ ಅವರ ಹುಟ್ಟುಗುಣ. ಹೋಗಂದ್ರ ಎಲ್ಲಿ ಹೋಗ್ತೈತಿ?"

"ಮತ್ತ ಛಡಿ ಎಲ್ಲೈತ್ರಿ, ಕಾಕಾ?"

ಕಾಕಾ ಗದ್ದ ಎತ್ತಿ ಬೇವಿನಮರ ತೋರಿಸಿದ. ಈಗ ಅದು ಎರಡು ಕೋಣೆಗೆ ನೆರಳು ಕೊಡುವಷ್ಟು ದೊಡ್ಡದು. "ಗಿಡ ಸಣ್ಣದಿತ್ತು. ಆಸರಕ್ಕ ಅದನ್ನ ಕಟ್ಟಿದ್ದೆ. ಯಾವಾಗೋ ಮಣ್ಣಾತು."

ನಾನು ಬುಡ ನೋಡುತ್ತ ನಿಂತೆ. ಹುಡುಕಲು ಹೋದ ವಸ್ತುವಿಗೇ ಎರಡು ಬಕೀಟು ನೀರು ಹಾಕಿ, ಸಿಗಲಿಲ್ಲ ಎಂದು ಬಂದವಳು ನಾನು. ಪುರಾವೆ ಪರೀಕ್ಷಿಸುವ ನನ್ನ ಕಣ್ಣಿನ ಬಗ್ಗೆ ನನಗಿದ್ದ ಅಭಿಮಾನ ಅಲ್ಲಿಯೇ ಸ್ವಲ್ಪ ಒದ್ದೆಯಾಯಿತು.

"ಇದನ್ನ ಸ್ಟೇಜಿನ ಮ್ಯಾಲ ಹೇಳಬ್ಯಾಡ ಮತ್ತ" ಎಂದ ಕಾಕಾ. "ಸರ್ ನನಗ ಹೇಳ್ಯಾರ, ಊರಿಗೆ ಹೇಳಿಲ್ಲ."

ಮನೆಗೆ ಬರುವ ದಾರಿಯಲ್ಲಿ ಆ ಬೆಳ್ಳಿಯ ಅಕ್ಷರ ಬೇರೆಯಾಗಿ ಕಾಣತೊಡಗಿತು. ಹದಿನೈದು ವರ್ಷ ಕಷ್ಟಪಟ್ಟು ಕೈಯಿಂದ ದೂರ ಇಟ್ಟಿದ್ದನ್ನು ನಲವತ್ತು ಜನ ಸೇರಿ ಶಾಲು ಹೊದಿಸಿ ಅವರ ಕೈಗೇ ಕೊಡಲಿದ್ದಾರೆ. ಅಪ್ಪಾಸಾಬನಿಗೆ ಫೋನ್ ಮಾಡಿ "ಛಡಿ ಬ್ಯಾಡೋ, ಶಾಲು ಸಾಕು" ಎಂದೆ. ಯಾಕೆ ಎಂದ. ಹೇಳುವಂತಿರಲಿಲ್ಲ. "ನೀ ಒಂದ ಸಲ ಹೂಂ ಅಂದ್ರ ಆವತ್ತ ನಾ ಊರಿಗೆಲ್ಲಾ ಪೇಡೆ ಹಂಚ್ತೀನಿ. ಅಕ್ಷರ ಕೊರಿಸಿ ಆಗೇತಿ, ಸುಮ್ನ ಭಾಷಣ ಬರಿ" ಎಂದು ಫೋನಿಟ್ಟ. ಪುರಾವೆ ಕೈಯಲ್ಲಿದ್ದೂ ಹಾಜರುಪಡಿಸಲಾಗದೆ ಸೋತ ಮೊದಲ ಕೇಸು ಅದು.

ಸಮಾರಂಭದ ದಿನ ಬೇವಿನಮರದ ಪಕ್ಕದಲ್ಲೇ ಪೆಂಡಾಲು. ಒಬ್ಬೊಬ್ಬರೂ ಎದ್ದು ಸರ್ ಹೊಡೆತವನ್ನು ಹೊಗಳಿದರು. ಒಂದೊಂದು ಹೊಗಳಿಕೆಗೂ ಸರ್ ತಲೆ ಒಂದಿಷ್ಟು ಕೆಳಗೆ ಹೋಗುತ್ತಿತ್ತು. ವಿನಯ ಎಂದು ಎಲ್ಲರೂ ಮೆಚ್ಚಿಕೊಂಡರು. ನನ್ನ ಸರದಿ ಬಂತು. ಬರೆದ ಭಾಷಣ ಚೀಲದಲ್ಲೇ ಬಿಟ್ಟು ಒಂದೇ ಮಾತು ಕೇಳಿದೆ: "ಚೌಗಲಾ ಸರ್ ಕೈಯಿಂದ ಖರೇನ ಛಡಿಯೇಟು ತಿಂದವರು ಕೈ ಎತ್ತರಿ."

ಎಲ್ಲರೂ ಅಕ್ಕಪಕ್ಕ ನೋಡಿಕೊಂಡರು. ಅಪ್ಪಾಸಾಬ ಸಿದ್ದಪ್ಪನನ್ನು, ಸಿದ್ದಪ್ಪ ಸುನೀತಾಳನ್ನು ನೋಡಿದ. ಒಂದು ಕೈಯೂ ಏಳಲಿಲ್ಲ. ಹಿಂದೆ ಯಾರೋ ಕಿಸಕ್ಕೆಂದರು, ಆಮೇಲೆ ಇಡೀ ಪೆಂಡಾಲು ನಕ್ಕಿತು. ಆ ನಗೆಯ ಕೆಳಗೆ, ಮೈಕಿಗೆ ಸಿಗದಷ್ಟು ಸಣ್ಣಗೆ, ನನ್ನ ಬೆನ್ನ ಹಿಂದೆ ಸರ್ ಕೂತ ಕುರ್ಚಿಯಿಂದ ಒಂದು ಮಾತು ಬಂತು: "ಈ ಬ್ಯಾಚಿನ್ಯಾಗ ಇಲ್ಲ."

ನಾನು ವಾದ ಗೆದ್ದಿದ್ದೆ. ಗೆದ್ದಂತೆ ಅನಿಸಲಿಲ್ಲ. ಇಳಿದು ಬರುವಾಗ ಶಿಂಧೆ ಅಕ್ಕೋರು ನನ್ನ ಮೊಣಕೈ ಹಿಡಿದು, "ಒಂದ ಸಾಕ್ಷಿ ಮುಚ್ಚಿಟ್ಟಿ, ಹೌದಿಲ್ಲೋ? ಚಲೋ ಮಾಡಿದಿ" ಎಂದರು. ಅಂದರೆ ಸ್ಟಾಫಿಗೆಲ್ಲ ಗೊತ್ತಿತ್ತು. ಇಡೀ ಶಾಲೆ ಸೇರಿ ಒಬ್ಬ ಮನುಷ್ಯನ ಸಿಟ್ಟಿನ ಕೈಗೆ ಸಿಗದಂತೆ ಒಂದು ಕೋಲನ್ನು ಬಚ್ಚಿಟ್ಟಿತ್ತು, ಸ್ವತಃ ಆ ಮನುಷ್ಯನ ಒಪ್ಪಿಗೆಯ ಮೇಲೆ.

ಆಮೇಲೆ ಬೆಳ್ಳಿಯ ಛಡಿ ಬಂತು. ಸರ್ ಎರಡೂ ಕೈಯಲ್ಲಿ ತೆಗೆದುಕೊಂಡು, ಕನ್ನಡಕ ಸರಿಸಿ ಅಕ್ಷರ ಓದಿದರು. ಎರಡನೇ ಸಲವೂ ಓದಿದರು. ರಸ್ತೆಯಲ್ಲಿ ಟ್ರ್ಯಾಕ್ಟರ್ ಇರಲಿಲ್ಲ, ಆದರೂ ಪೆಂಡಾಲು ಅದೇ ಹಳೆಯ ಹಾಗೆ ಉಸಿರು ಹಿಡಿಯಿತು. ಸರ್ ತಲೆ ಎತ್ತಿ, ಮೈಕಿನ ಹಂಗಿಲ್ಲದ ತಮ್ಮ ತರಗತಿಯ ದನಿಯಲ್ಲಿ ಕರೆದರು: "ದುಂಡಪ್ಪಾ."

"ಹೂಂರಿ ಸರ" ಎಂದು ಕಾಕಾ ಊಟದ ಸಾಲಿನಿಂದ ಓಡಿ ಬಂದ.

"ಇದನ್ನ ನಿನ್ನ ಕಡೆ ಇಡು."

ಚಪ್ಪಾಳೆ ಬಿದ್ದಷ್ಟು ಬಿತ್ತು. ಬಹಳ ಜನಕ್ಕೆ ಅದು ಹಳೆಯ ಕಾಲದ ಚೇಷ್ಟೆಯಾಗಿ ಕಂಡಿತು, ಕಾಣಲಿ. ಕಾಕಾ ಛಡಿಯನ್ನು ಕಂಕುಳಲ್ಲಿ ಇಟ್ಟುಕೊಂಡು ಮತ್ತೆ ಅನ್ನ ಬಡಿಸಲು ಹೋದ.

ಉಂಡ ಮೇಲೆ ಸರ್ ಬೇವಿನ ನೆರಳಿಗೆ ಕುರ್ಚಿ ಹಾಕಿಕೊಂಡು ಕೂತಿದ್ದರು. ನಾನು ಹೋಗಿ ಪಕ್ಕದಲ್ಲಿ ನಿಂತೆ. "ಪುಸ್ತಕದಾಗಿನ ಲೆಕ್ಕ ತಪ್ಪಿತ್ತು. ನಿಂದ ಬರೋಬರಿ ಇತ್ತು" ಎಂದರು, ನಿನ್ನೆಯ ಮಾತೆಂಬಂತೆ. ಹತ್ತು ವರ್ಷದ ಮೇಲೆ ಕೇಸು ಗೆದ್ದಿದ್ದೆ. ಸುಮ್ಮನಿರಬೇಕಿತ್ತು. ಆದರೆ ಆ ದಿನದ ಅವರ ಸಿಟ್ಟು ಸುಳ್ಳಾಗಿರಲಿಲ್ಲ ಎಂಬುದು ನನಗೆ ಗೊತ್ತು. ಹಣೆಯ ನರ ಉಬ್ಬಿದ್ದನ್ನು ನಾನು ಕಂಡಿದ್ದೇನೆ. ನನ್ನನ್ನು ಕಳಿಸಿದ್ದು ಛಡಿಗೇ. ಮೈದಾನದ ಆ ತುದಿಯಲ್ಲಿ ಕಾಕಾ ಗಂಟೆಯ ಹಗ್ಗ ಬಿಚ್ಚುತ್ತಿದ್ದ, ಬೆಳ್ಳಿಯ ಕಟ್ಟು ಅವನ ಕಂಕುಳಲ್ಲಿ ಇನ್ನೂ ಮಿಂಚುತ್ತಿತ್ತು. ಇಬ್ಬರೂ ಅತ್ತ ನೋಡುತ್ತಿರುವಾಗ ನಾನು ಕೇಳಿಯೇಬಿಟ್ಟೆ:

"ಸರ್, ಅಷ್ಟ ಸಲ ಅಷ್ಟ ಮಂದಿನ ಕಳಿಸಿದ್ರಿ. ಒಂದ ದಿವಸ ದುಂಡಪ್ಪ ಕಾಕಾ ಮರತು ಛಡಿ ಕೊಟ್ಟ ಕಳಿಸಿಬಿಟ್ಟಿದ್ರ, ಏನ್ ಮಾಡ್ತಿದ್ರಿ?"