ಹದಿನಾಲ್ಕನೆಯ ದಿನ

ಮನೂಬಿಯಾ ತನ್ನ ಅರವತ್ತೊಂದು ವರ್ಷಗಳಲ್ಲಿ ಕೂತದ್ದಕ್ಕಿಂತ ನಿಂತದ್ದೇ ಹೆಚ್ಚು. ತನ್ನೂರು ಮಹ್ದಿಯಾದ ಬಂದರಿನ ಮೀನಿನ ಕಾರ್ಖಾನೆಯಲ್ಲಿ ಮೂವತ್ತು ವರ್ಷ ಬೂತಾಯಿಯ ತಲೆ ತೆಗೆದು ಡಬ್ಬಿಗೆ ತುಂಬಿದವಳು. ಈಗ ಕೊಲ್ಲಿ ದೇಶದ ವಿಮಾನ ನಿಲ್ದಾಣದ ಕೌಂಟರಿನ ಮುಂದೆಯೂ ನಿಂತೇ ಇದ್ದಳು. ಗಾಜಿನಾಚೆ ಘಾನಿಮ್ ಎಂಬ ಎಳೆಯ ಅಧಿಕಾರಿ ಅವಳ ಲಸಿಕೆಯ ಪತ್ರವನ್ನು ಎರಡನೆಯ ಸಲ ಓದುತ್ತಿದ್ದ.

"ಹಜ್ಜಾ, ಒಂದು ದಿನ ಕಮ್ಮಿ ಬೀಳ್ತಿದೆ."

"ನಾನಿನ್ನೂ ಹಜ್‌ಗೆ ಹೋಗಿಲ್ಲ ಮಗನೇ, ಸುಮ್ಮನೆ ಪುಣ್ಯ ಅಂಟಿಸಬೇಡ. ಏನು ಕಮ್ಮಿ?"

"ಎರಡನೇ ಡೋಸ್ ಆಗಿ ಹದಿನಾಲ್ಕು ದಿನ ಪೂರ್ತಿ ಆಗಿರ್ಬೇಕು. ನಿಮಗೆ ಹದಿಮೂರಾಗಿದೆ. ಏಳು ದಿನ ಹೋಟೆಲ್ಲಲ್ಲಿ ಇರ್ಬೇಕು. ಬಸ್ಸು ಹೊರಗೆ ಕಾಯ್ತಿದೆ."

ಮನೂಬಿಯಾ ಬೆರಳು ಮಡಚಿದಳು. ಸೂಜಿ ಚುಚ್ಚಿದ್ದು ಜೂನ್ ಮೂರಕ್ಕೆ, ಅದು ಒಂದು. ನಾಲ್ಕು, ಅದು ಎರಡು. ಇವತ್ತು ಹದಿನಾರು, ಸರಿಯಾಗಿ ಹದಿನಾಲ್ಕು. ಮಹ್ದಿಯಾದಲ್ಲಿ ಮಗುವಿನ ಏಳನೆಯ ದಿನವನ್ನೂ ಸತ್ತವರ ನಲವತ್ತನೆಯ ದಿನವನ್ನೂ ಹೀಗೇ ಎಣಿಸುವುದು, ಆದ ದಿನವೇ ಮೊದಲ ದಿನ. ಅಲ್ಲಿ ವಿಮಾನ ಹತ್ತಿಸಿದ ಹುಡುಗಿಯೂ ಹೀಗೇ ಬೆರಳು ಮಡಚಿ, ನಕ್ಕು, ಚೀಟಿ ಕೊಟ್ಟಿದ್ದಳು.

"ನಮ್ಮಲ್ಲಿ ಎಲ್ಲರೂ ಹೀಗೇ ಎಣಿಸೋದು" ಎಂದಳು.

"ಇಲ್ಲಿ ಕಂಪ್ಯೂಟರ್ ಎಣಿಸತ್ತೆ ಅಮ್ಮಾ."

ಅವಳ ಕೈಚೀಲದಲ್ಲಿ ಒಂದು ತಗಡಿನ ಡಬ್ಬಿಯಿತ್ತು. ಹುರಿದು ಪುಡಿ ಮಾಡಿದ ಎಳ್ಳು ಮತ್ತು ಹೇಜಲ್ ಬೀಜ. ಬೆಣ್ಣೆ, ಜೇನು ಬೆರೆಸಿದರೆ ಅದು ಝ್ರೀರ್. ಹೆತ್ತವಳಿಗೆ ಏಳನೆಯ ದಿನ ಮೊದಲ ಚಮಚ ತಿನ್ನಿಸಬೇಕಾದವಳು ಅವಳ ತಾಯಿ. ಮಗಳು ದೊರ್ರಾ ಈ ಊರಲ್ಲಿ ದಿನ ತುಂಬುವ ಮೊದಲೇ, ಹನ್ನೊಂದನೇ ತಾರೀಕು, ಹೆತ್ತಿದ್ದಳು. ನಾಳೆ ಏಳನೆಯ ದಿನ.

ದೊರ್ರಾ ಹುಟ್ಟಿದಾಗ ಮನೂಬಿಯಾಳ ಅಮ್ಮನೂ ಅದೇ ಕಾರ್ಖಾನೆಯಲ್ಲಿದ್ದಳು. ಬೂತಾಯಿ ರಾಶಿ ಬಿದ್ದ ಕಾಲ, ಮೇಸ್ತ್ರಿ ರಜೆ ಕೊಡಲಿಲ್ಲ. ಪಕ್ಕದ ಮನೆಯವಳು ಬಂದು ತಿನ್ನಿಸಿದಳು. ಸಿಹಿಯೇ ಇತ್ತು. ಮನೂಬಿಯಾ ಮಾತ್ರ ಬಾಗಿಲ ಕಡೆ ನೋಡುತ್ತ ನುಂಗಿದ್ದಳು. ಮುಂದೆ ಯಾವ ಬಾಣಂತಿಯ ತಾಯಿಯನ್ನು ತಡೆದರೂ ಅವಳು ಕತ್ತಿ ಕೆಳಗಿಟ್ಟು ಆಕೆಯನ್ನು ಬಿಡುವ ತನಕ ಗೇಟಿನ ಬಳಿ ಹೋಗಿ ನಿಲ್ಲುತ್ತಿದ್ದಳು. ಮೇಸ್ತ್ರಿಗಳು ಬದಲಾದರು, ಅವಳು ಬದಲಾಗಲಿಲ್ಲ.

ಫೋನು ಹೊಡೆದುಕೊಂಡಿತು. ಮನೂಬಿಯಾ ನಡೆದದ್ದನ್ನು ಹೇಳಿದಳು.

"ಹೋಟೆಲ್ಲಿಗೆ ಹೋಗಿಬಿಡಮ್ಮಾ" ಎಂದಳು ದೊರ್ರಾ. "ಜಗಳ ಬೇಡ. ಮೇಲಿನ ಮನೆಯವರು ಝ್ರೀರ್ ಮಾಡಿಕೊಡ್ತಾರಂತೆ."

"ಅವರು ಮಾಡ್ಲಿ, ಅವರೇ ತಿನ್ಲಿ. ನೀನು ಬಾಯಿ ಮುಚ್ಕೊಂಡಿರು, ನಾನು ಬರೋ ತನಕ ತೆಗೀಬೇಡ."

ಫೋನು ಚೀಲಕ್ಕೆ ಹಾಕಿ ಘಾನಿಮ್‌ನತ್ತ ತಿರುಗಿದಳು. "ನಾಳೆಗೆ ನಿನ್ನ ಕಂಪ್ಯೂಟರಿನ ಹದಿನಾಲ್ಕು ತುಂಬತ್ತಾ?"

"ತುಂಬತ್ತೆ. ಆದ್ರೆ ನೀವು ಬಂದಿರೋದು ಇವತ್ತು."

"ಮುದ್ರೆ ಒತ್ತಿದ್ದೀಯಾ?"

"ಇಲ್ಲ."

"ಹಾಗಾದ್ರೆ ನಾನಿನ್ನೂ ಬಂದಿಲ್ಲ. ಇಲ್ಲಿ ಕೂತಿರ್ತೀನಿ. ನಾಳೆ ಬರ್ತೀನಿ."

ಸಾಲಿನಲ್ಲಿ ಹಿಂದಿದ್ದ ಯಾರೋ ಮಾಸ್ಕಿನೊಳಗೆ ನಕ್ಕರು. ಘಾನಿಮ್ ಮೇಲಧಿಕಾರಿಯನ್ನು ಕರೆದ. ಆತ ನರೆತ ಗಡ್ಡದ, ದಣಿದ ಕಣ್ಣಿನ ಮನುಷ್ಯ.

"ಇಲ್ಲಿ ಮಲಗೋ ಹಾಗಿಲ್ಲ ತಾಯೀ."

"ಮಲಗ್ತೀನಿ ಅಂದ್ನಾ? ಕೂತ್ಕೋತೀನಿ. ಕೂರಬಾರದು ಅಂತ ಬರೆದಿದ್ರೆ ತೋರಿಸಪ್ಪಾ, ಓದ್ಕೋತೀನಿ."

ಆತ ನಿಯಮದ ಹಾಳೆಗಳನ್ನು ತಿರುವಿದ. ಕೊನೆಯ ಹಾಳೆಯ ಹಿಂದುಗಡೆಯನ್ನೂ ನೋಡಿದ. "ನಿಮ್ಮ ಕೋವಿಡ್ ಪರೀಕ್ಷೆಯ ಎಪ್ಪತ್ತೆರಡು ಗಂಟೆ ನಾಳೆ ಬೆಳಿಗ್ಗೆ ಹತ್ತಕ್ಕೆ ಮುಗಿಯತ್ತೆ. ಅಷ್ಟರೊಳಗೆ ಕೌಂಟರ್ ದಾಟದಿದ್ರೆ ಹೋಟೆಲ್ಲೂ ಇಲ್ಲ, ವಾಪಸ್ ವಿಮಾನ. ಗೊತ್ತಾಯ್ತಾ?"

"ಗೊತ್ತಾಯ್ತು."

"ಹೋಟೆಲ್ಲಲ್ಲಿ ಮೆತ್ತನೆ ಹಾಸಿಗೆ ಇದೆ."

"ಅದನ್ನ ನೀನೇ ಮಲಗಿ ನೋಡು. ನಿನ್ನ ಕಣ್ಣು ಕೇಳ್ತಾ ಇದೆ."

ಗೋಡೆಯ ಬದಿ ಉಕ್ಕಿನ ಕುರ್ಚಿಗಳ ಸಾಲು. ಮನೂಬಿಯಾ ಕೊನೆಯದರಲ್ಲಿ ಡಬ್ಬಿಯನ್ನು ತೊಡೆಯ ಮೇಲಿಟ್ಟುಕೊಂಡು ಕೂತಳು. ಹೋಟೆಲ್ಲಿನ ಬಸ್ಸು ಬೇರೆಯವರನ್ನು ತುಂಬಿಕೊಂಡು ಹೋಯಿತು. ಮನೆಗೆ ಹೊರಟ ಘಾನಿಮ್ ಒಂದು ಬಾಟಲಿ ನೀರು ತಂದು ಪಕ್ಕದ ಕುರ್ಚಿಯ ಮೇಲಿಟ್ಟ. ಅವಳು ನೀರು ಕುಡಿದಳು, ಕುರ್ಚಿ ಬಿಡಲಿಲ್ಲ.

ಬೆಳಿಗ್ಗೆ ವಿಮಾನದ ಮೇಲೆ ವಿಮಾನ ಇಳಿದು ಸಾಲು ಹಾವಿನಂತೆ ಸುತ್ತಿತು. ಒಂಬತ್ತಾದರೂ ಅವಳ ಮುಂದೆ ನಲವತ್ತು ತಲೆಗಳು. ಗಡಿಯಾರ ನೋಡುವುದನ್ನು ಬಿಟ್ಟು ಮುಂದಿನವನ ಹಿಮ್ಮಡಿಯನ್ನಷ್ಟೇ ನೋಡುತ್ತ ಹೆಜ್ಜೆಗೆ ಹೆಜ್ಜೆ ಸೇರಿಸಿದಳು.

ಹತ್ತಕ್ಕೆ ಎಂಟು ನಿಮಿಷವಿದ್ದಾಗ ಕೌಂಟರು ಸಿಕ್ಕಿತು. ಇವತ್ತು ಅಲ್ಲಿ ಒಬ್ಬ ಹೆಂಗಸು.

"ನಿಮ್ಮ ವಿಮಾನ ಬಂದಿದ್ದು ನಿನ್ನೆ. ಇವತ್ತು ಯಾಕೆ ಬಂದ್ರಿ?"

"ನಿನ್ನೆ ನಿಮ್ಮ ದೇಶ ನನಗೆ ಇನ್ನೂ ಒಂದು ದಿನ ದೂರ ಇತ್ತು."

ಹೆಂಗಸು ಕಂಪ್ಯೂಟರ್ ನೋಡಿದಳು. ಹಸಿರು. ಗಡಿಯಾರ ನೋಡಿದಳು. ಮುದ್ರೆ ಬಿತ್ತು.

ಮಧ್ಯಾಹ್ನ ದೊರ್ರಾಳ ಮನೆಯಲ್ಲಿ ಬೆಣ್ಣೆ ಕರಗಿತು, ಜೇನು ಬಿತ್ತು, ಎಳ್ಳಿನ ವಾಸನೆ ಮಗುವಿನ ತೊಟ್ಟಿಲಿನವರೆಗೂ ಹೋಯಿತು. ಮನೂಬಿಯಾ ಚಮಚ ಎತ್ತಿದಾಗ ದೊರ್ರಾ ಅಳುತ್ತಲೇ ನಕ್ಕಳು.

"ಅಮ್ಮಾ, ಏರ್‌ಪೋರ್ಟಿನವರ ಲೆಕ್ಕದಲ್ಲಿ ಮಗುವಿಗೆ ಇವತ್ತು ಆರೇ ದಿನ."

"ಅವರಿಗೆ ನಾಳೆ ಕೊಡೋಣ. ನೀನು ಈಗ ಬಾಯಿ ತೆಗಿ."