ಇಲಿ ಸಾಕುತ್ತಿದ್ದ ಅತ್ತೆ

ಅತ್ತೆಯ ಅಂಗೈಗಳು ಬೇಸಿಗೆಯ ಎರೆಹೊಲದಂತೆ ಬಿರಿದಿರುತ್ತಿದ್ದವು. ದಿನವಿಡೀ ಸ್ಪಿರಿಟ್ಟಿನಲ್ಲಿ ಒರೆಸಿ, ಮೊಣಕೈವರೆಗೆ ತೊಳೆದ ಕೈಗಳು. ನನ್ನ ಈ ಸೋದರತ್ತೆ ಹೈದರಾಬಾದಿನ ಪ್ರಯೋಗಶಾಲೆಯೊಂದರಲ್ಲಿ ಇಲಿ ಸಾಕುತ್ತಿದ್ದರು. ಸ್ವಂತ ರೋಗನಿರೋಧಕ ಶಕ್ತಿಯಿಲ್ಲದೆ ಹುಟ್ಟುವ ಇಲಿಗಳು. ಹೆರಿಗೆಯಾದ ಮೇಲೆ ಹೊಕ್ಕುಳಬಳ್ಳಿಯಲ್ಲಿ ಉಳಿಯುವ ರಕ್ತದಿಂದ ಕಾಂಡಕೋಶ ತೆಗೆದು ಅವಕ್ಕೆ ಚುಚ್ಚಿದರೆ, ಕೆಲವು ವಾರಗಳಲ್ಲಿ ಇಲಿಯ ಮೈಯೊಳಗೆ ಮನುಷ್ಯರ ರಕ್ಷಣಾ ಕೋಶಗಳು ಬೆಳೆಯುತ್ತವೆ. ನಮ್ಮ ಮೇಲೆ ಮಾಡಿ ನೋಡಲಾಗದ್ದನ್ನು ಅಲ್ಲಿ ನೋಡಬಹುದು.

"ಏನ ಮಾಡಿದ್ರೂ ಇಲಿ ಇಲಿನೇ ಅಲ್ಲೇನ್ರಿ ಅತ್ತಿ?" ಎಂದು ನಾನು ಕೆಣಕುತ್ತಿದ್ದೆ.

"ಹೌದು. ಅದು ಹೇಳಿದ್ದೆಲ್ಲಾ ನಂಬಬಾರದು. ಕೇಳದ ಬಿಡಲೂಬಾರದು."

ಕಾಲುವೆ ನೀರು ಬಂದ ಮೇಲೆ ಶಹಾಪುರದ ನಮ್ಮ ಹೊಲಕ್ಕೆ ಭತ್ತ ಬಂತು, ಭತ್ತದ ಹಿಂದೆ ಇಲಿಗಳೂ ಬಂದವು. ಇಲಿಪಾಷಾಣ ಕಲಸುತ್ತ ಅಪ್ಪ, "ನಾ ಕೊಲ್ತೀನಿ, ನೀ ಸಾಕ್ತಿ" ಎಂದು ನಕ್ಕರೆ, "ನಾ ಸಾಕಿ ಕೊಲ್ತೀನಿ, ತಮ್ಮಾ. ಅದು ಇನ್ನಾ ಭಾರ ಅದ" ಎನ್ನುತ್ತಿದ್ದರು.

ಒಮ್ಮೆ ಅತ್ತೆ ಊರಿಗೆ ಬಂದು ಊಟಕ್ಕೆ ಕೂತಾಗ, ಬಳ್ಳಿರಕ್ತ ಸಿಗದೆ ಕೆಲಸ ನಿಂತಿದೆ ಎಂದರು. ಅಕ್ಕ ತುಂಬು ಬಸುರಿ, ಹೆರಿಗೆ ಹೈದರಾಬಾದಿನಲ್ಲೇ ಎಂದು ನಿಶ್ಚಯವಾಗಿತ್ತು. ಅತ್ತೆ ಕೇಳಲಿಲ್ಲ. ಅಕ್ಕನ ಹೆರಿಗೆಯದನ್ನೇ ಕೊಡಬಹುದಲ್ಲ ಎಂದು ನಾನೇ ಮಾತೆತ್ತಿದೆ.

ಅಜ್ಜಿ ರೊಟ್ಟಿ ಬಡಿಯುವುದನ್ನು ನಿಲ್ಲಿಸಿದಳು. "ನಮ್ಮ ಕೂಸಿನ ರಕ್ತ ಇಲಿ ಮೈಯಾಗ ಹರೀಬೇಕೇನು?"

"ಆಯಿ, ಬಳ್ಳಿ ನೀ ಹ್ಯಾಂಗೂ ಹೂಳ್ತಿ. ಇರುವಿ ತಿಂದ್ರ ನಡೀತದ, ಇಲಿಗಿ ಕೊಟ್ರ ನಡ್ಯಂಗಿಲ್ಲೇನು?" ಎಂದೆ ನಾನು.

ಅಜ್ಜಿ ಮತ್ತೆ ರೊಟ್ಟಿ ಬಡಿಯತೊಡಗಿದಳು. ಅಕ್ಕ ತಾಟು ನೋಡುತ್ತ, "ನಿಮ್ಮಿಷ್ಟ" ಎಂದಳು. ಚರ್ಚಾಸ್ಪರ್ಧೆಗಳಲ್ಲಿ ಪಳಗಿದ ನನಗೆ ಅದು ಗೆಲುವು.

ಅತ್ತೆ ನನ್ನತ್ತ ತಿರುಗಿದರು. "ನೀ ಗೆದ್ದಿ. ಆಕಿ ಒಪ್ಪಿಲ್ಲ, ಸುಮ್ಮಾಗ್ಯಾಳ." ಆಮೇಲೆ ಅಕ್ಕನಿಗೆ, "ನನಗ ಬೇಕಾಗ್ಯದ, ಖರೆ. ಅದರಿಂದ ನಿನಗಾಗ್ಲಿ ಕೂಸಿಗಾಗ್ಲಿ ಏನೂ ಸಿಗಂಗಿಲ್ಲ. ಬ್ಯಾಡಂದ್ರ ಬ್ಯಾಡನ್ನು, ನಾ ಸಿಟ್ಟಾಗಂಗಿಲ್ಲ" ಎಂದರು.

"ಬ್ಯಾಡ್ರಿ ಅತ್ತಿ. ಅಂಜಿಕಿ ಬರ್ತದ."

"ಆತು. ಪಲ್ಯ ಇತ್ತ ಕೊಡು."

ಅಷ್ಟೇ. ಅವರ ಪ್ರಯೋಗ ತಿಂಗಳುಗಟ್ಟಲೆ ತಡವಾಯಿತು. ಆ ಮಾತನ್ನು ಅವರು ಮತ್ತೆ ಎತ್ತಲಿಲ್ಲ. ಅಂದಿನ ನನ್ನ ತರ್ಕ ತಪ್ಪೆಂದು ನಾನು ಇವತ್ತಿಗೂ ಒಪ್ಪುವುದಿಲ್ಲ. ಆದರೆ ಎದುರಿನವರು ಸುಮ್ಮನಾದರೆ ಮಾತು ಮುಗಿಯಿತೆಂದು ಈಗ ಭಾವಿಸುವುದಿಲ್ಲ. ಇದು ಅತ್ತೆಯ ಋಣ.

ಅತ್ತೆ ತೀರಿಕೊಂಡ ಮರುವರ್ಷ ಅಕ್ಕನಿಗೆ ಎರಡನೇ ಹೆರಿಗೆಯಾಯಿತು. ಕೂಸನ್ನು ನನ್ನ ತೊಡೆಯ ಮೇಲೆ ಮಲಗಿಸುತ್ತ, "ಅತ್ತಿ ಇದ್ದಿದ್ರ ಈ ಸಲ ಕೊಡ್ತಿದ್ದೆ" ಎಂದಳು.

ಯಾರೂ ಅವಳನ್ನು ಕೇಳಿರಲಿಲ್ಲ.